ನಲವತ್ತೇಳು ಜೋಡಣೆಗಳು

"ಗುರುಗಳೇ, ನೀವು ಎಂದಾದರೂ ಪವಾಡವನ್ನು ಕಂಡಿದ್ದೀರಾ?" ಎಂದು ಶಿಷ್ಯ ಕೇಳಿದ.

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟರು. "ನಾನು ಕಂಡಿಲ್ಲ. ಕಂಡವನೊಬ್ಬ ನನ್ನೆದುರು ಕುಳಿತು ಹೇಳಿದ್ದಾನೆ. ಅವನು ಹೇಳಿದ ಹಾಗೆಯೇ ಹೇಳುತ್ತೇನೆ" ಎಂದರು.

ಸಮುದ್ರದ ದಂಡೆಯ ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ತಂಗಿ ಹೆರಿಗೆಗೆಂದು ದೂರದ ಪಟ್ಟಣಕ್ಕೆ ಹೋಗುವಾಗ ದಾರಿಯಲ್ಲೇ ತೀರಿಕೊಂಡಳು. ವರ್ಷಗಳು ಕಳೆದರೂ ಆ ದುಃಖ ಅವನನ್ನು ಬಿಡಲಿಲ್ಲ. ತನ್ನ ಊರಿನಲ್ಲೇ ಒಂದು ಹೆರಿಗೆ ಆಸ್ಪತ್ರೆ ಕಟ್ಟಿಸಲು ನಿರ್ಧರಿಸಿದ. ಮೂರು ಅಂತಸ್ತಿನ ಕಟ್ಟಡ ಎದ್ದಿತು. ತಂಗಿ ತೀರಿಕೊಂಡ ತಿಥಿಯಂದೇ ಬಾಗಿಲು ತೆರೆಯಬೇಕೆಂದು ಅವನು ನಿಶ್ಚಯಿಸಿದ.

ವಿದ್ಯುತ್ತಿನ ಕೆಲಸ ಉಳಿದಿತ್ತು. ಕೆಳಗಿನ ಕೋಣೆಯಿಂದ ಮೂರೂ ಅಂತಸ್ತಿಗೆ ದಪ್ಪ ಕೇಬಲ್‌ಗಳು ಹೋಗಬೇಕು. ಅವನ್ನು ಸುಮ್ಮನೆ ಗೋಡೆಗೆ ನೇತುಹಾಕುವಂತಿಲ್ಲ. ಛಾವಣಿಯ ಕೆಳಗೆ ಲೋಹದ ಟ್ರೇಗಳನ್ನು ಒಂದಕ್ಕೊಂದು ಜೋಡಿಸಿ, ಅವುಗಳ ಮೇಲೆ ಕೇಬಲ್‌ಗಳನ್ನು ಮಲಗಿಸಿ ಒಯ್ಯಬೇಕು. ಈ ಕೆಲಸಕ್ಕೆ ಐತಪ್ಪ ಎಂಬವನನ್ನು ಕರೆಸಿದರು. ಐವತ್ತು ದಾಟಿದವನು. ಮಾತು ಕಡಿಮೆ.

ವ್ಯಾಪಾರಿ ಮೊದಲೇ ಒಂದು ಲಾರಿ ಟ್ರೇ ತರಿಸಿಟ್ಟಿದ್ದ. ತೆಳು ತಗಡಿನವು, ಮೇಲೆ ಬಣ್ಣ ಬಳಿದವು. ಐತಪ್ಪ ಅವುಗಳಲ್ಲಿ ಒಂದನ್ನು ಎತ್ತಿ ನೋಡಿದ, ಹಾಗೆಯೇ ಕೆಳಗಿಟ್ಟ. ಎರಡು ದಿನ ಕಟ್ಟಡದಲ್ಲಿ ಸುಮ್ಮನೆ ಓಡಾಡಿದ. ಯಾವ ಕೇಬಲ್ ಎಷ್ಟು ಭಾರ ಎಂದು ಕೇಳಿ ಬರೆದುಕೊಂಡ. ಮುಂದೆ ಯಾವ ಯಂತ್ರಗಳು ಬರಬಹುದು ಎಂದು ವೈದ್ಯರನ್ನು ಕೇಳಿದ. ಕಿಟಕಿಗಳ ಬಳಿ ನಿಂತು ಗಾಳಿ ಎತ್ತ ಬೀಸುತ್ತದೆ ಎಂದು ನೋಡಿದ. ಮೂರನೆಯ ದಿನ ಬಂದು, ಲಾರಿಯಲ್ಲಿ ಬಂದದ್ದೆಲ್ಲ ಹಿಂದಕ್ಕೆ ಹೋಗಲಿ ಎಂದ.

"ಇಲ್ಲಿನ ಗಾಳಿಯಲ್ಲಿ ಉಪ್ಪಿದೆ ಧಣಿ. ಬಣ್ಣ ಒಂದು ಕಡೆ ಬಿರಿದರೆ ಸಾಕು, ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಭಾರದ ಕೇಬಲ್‌ಗೆ ಏಣಿಯ ಹಾಗೆ ಮೆಟ್ಟಿಲಿರುವ ದಪ್ಪ ಟ್ರೇ ಬೇಕು. ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದೇ ಆಗಬೇಕು."

ವ್ಯಾಪಾರಿಗೆ ಸಿಟ್ಟು ಬಂತು. ಆದರೂ ಐತಪ್ಪ ಹೇಳಿದ್ದನ್ನೇ ತರಿಸಿದ.

ಕೆಲಸ ಶುರುವಾಯಿತು. ಅದು ಸಾಗುವ ರೀತಿಯನ್ನು ನೋಡಿ ವ್ಯಾಪಾರಿಯ ಸಿಟ್ಟು ದಿನದಿಂದ ದಿನಕ್ಕೆ ಹೆಚ್ಚಿತು. ಐತಪ್ಪ ಒಂದೂವರೆ ಮೀಟರಿಗೆ ಒಂದರಂತೆ ಆಸರೆಗಳನ್ನು ಕೂರಿಸಿದ. ಮೊದಲ ಸಾಲಿನ ಮೇಲೆ ಮರಳಿನ ಚೀಲಗಳನ್ನಿಟ್ಟು ಒಂದು ಇಡೀ ದಿನ ಬಿಟ್ಟ. ಉದ್ದಕ್ಕೆ ದಾರ ಎಳೆದು, ಎಲ್ಲಿಯಾದರೂ ಬಾಗಿದೆಯೇ ಎಂದು ನೋಡಿದ ಮೇಲೆಯೇ ಎರಡನೆಯ ಸಾಲಿಗೆ ಕೈಹಾಕಿದ. ಟ್ರೇಯನ್ನು ಕತ್ತರಿಸಿದ ಕಡೆಯೆಲ್ಲ ಅಂಚನ್ನು ಅರದಿಂದ ಉಜ್ಜಿ, ಸತುವಿನ ಲೇಪ ಹಚ್ಚಿ, ಒಣಗಿದ ಮೇಲೆ ಬರಿಗೈ ಆಡಿಸಿ ನೋಡುತ್ತಿದ್ದ. ಕೈಗೆ ತರಚಿದರೆ ಮತ್ತೆ ಉಜ್ಜುತ್ತಿದ್ದ. ಟ್ರೇಯ ಅರ್ಧದಷ್ಟು ಅಗಲವನ್ನು ಖಾಲಿ ಬಿಟ್ಟ. ಕೇಬಲ್‌ಗೂ ಬಿಸಿಯಾಗುತ್ತದೆ, ಅದಕ್ಕೂ ಗಾಳಿ ಬೇಕು ಎಂದ. ಎಳೆಗೂಸುಗಳ ಕೋಣೆಗೆ ಹೋಗುವ ಕೇಬಲ್‌ಗಳನ್ನು ಬೇರೆಯದೇ ಟ್ರೇಯಲ್ಲಿ, ಕಟ್ಟಡದ ಇನ್ನೊಂದು ಬದಿಯಿಂದ ಒಯ್ದ. ಟ್ರೇ ಗೋಡೆಯನ್ನು ಹಾದುಹೋಗುವ ಕಂಡಿಗಳನ್ನು ಬೆಂಕಿ ದಾಟದಂಥ ಗಾರೆಯಿಂದ ಮುಚ್ಚಿದ.

ಗುರುಗಳು ಇಲ್ಲಿ ಸ್ವಲ್ಪ ನಿಲ್ಲಿಸಿದರು. "ನನಗೆ ಈ ಕಸುಬು ತಿಳಿಯದು. ಆದರೆ ವ್ಯಾಪಾರಿ ಇದನ್ನೆಲ್ಲ ಒಂದೂ ಬಿಡದೆ ಹೇಳಿದ. ತಾನು ಆಗ ಗದರಿದ್ದನ್ನೂ ಹೇಳಿದ."

ಉದ್ಘಾಟನೆಗೆ ಒಂದು ವಾರವಿತ್ತು. ವ್ಯಾಪಾರಿ ಒಂದು ಬೆಳಿಗ್ಗೆ ಬಂದಾಗ ಐತಪ್ಪ ಏಣಿಯ ಮೇಲಿದ್ದ. ಹಿಂದಿನ ದಿನ ಮುಗಿಸಿದ್ದ ಜೋಡಣೆಯೊಂದನ್ನು ಬಿಚ್ಚುತ್ತಿದ್ದ. ಪ್ರತಿ ಎರಡು ಟ್ರೇಗಳ ನಡುವೆ ಅವನು ಒಂದು ತಾಮ್ರದ ಪಟ್ಟಿ ಹಾಕಿ ಬಿಗಿದು, ಕರೆಂಟು ತಡೆಯಿಲ್ಲದೆ ಹರಿಯುತ್ತದೆಯೇ ಎಂದು ಮೀಟರಿನಿಂದ ಅಳೆದು ನೋಡುತ್ತಿದ್ದ. ಈ ಒಂದು ಕಡೆ ಮೀಟರು ತಡೆಯನ್ನು ಕೂದಲೆಳೆಯಷ್ಟು ಹೆಚ್ಚು ತೋರಿಸಿತ್ತು.

"ಟ್ರೇಗೆ ಟ್ರೇ ತಾಗಿಯೇ ಇದೆಯಲ್ಲ! ಮತ್ತೆ ಯಾಕೆ ಬಿಚ್ಚುತ್ತೀ?" ಎಂದು ವ್ಯಾಪಾರಿ ಕೆಳಗಿನಿಂದ ಕೂಗಿದ.

"ತಾಗಿದ್ದರೆ ಸಾಲದು ಧಣಿ. ಇಲ್ಲಿಂದ ನೆಲದೊಳಗಿನವರೆಗೆ ಎಲ್ಲಿಯೂ ಕಡಿಯಬಾರದು. ಎಂದಾದರೂ ಕೇಬಲ್ ಕೆಟ್ಟು ಈ ಟ್ರೇಗೆ ಕರೆಂಟು ಇಳಿದರೆ, ಅದಕ್ಕೆ ನೆಲಕ್ಕೆ ಹೋಗಲು ದಾರಿ ಬೇಕು. ನಾವು ದಾರಿ ಮಾಡಿಕೊಡದಿದ್ದರೆ, ಟ್ರೇ ಮುಟ್ಟಿದವರ ಮೈಯಲ್ಲೇ ಇಳಿದುಹೋಗುತ್ತದೆ."

"ಕೆಳಗೆ ಸೀಲಿಂಗ್ ಹಲಗೆ ಬರುತ್ತದೆ. ಆಮೇಲೆ ಇದು ಕಣ್ಣಿಗೂ ಬೀಳುವುದಿಲ್ಲ. ಅಷ್ಟು ಎತ್ತರದಲ್ಲಿ ಯಾರಪ್ಪ ಬಂದು ಮುಟ್ಟುತ್ತಾರೆ?"

"ಗೊತ್ತಿಲ್ಲ ಧಣಿ" ಎಂದ ಐತಪ್ಪ. ಬಿಚ್ಚಿದ್ದನ್ನು ತಿಕ್ಕಿ ಒರೆಸಿ ಮತ್ತೆ ಬಿಗಿದ.

ತಿಥಿ ತಪ್ಪಿತು. ಹದಿನೆಂಟು ದಿನ ತಡವಾಗಿ ಆಸ್ಪತ್ರೆಯ ಬಾಗಿಲು ತೆರೆಯಿತು. ವ್ಯಾಪಾರಿಗೆ ಅದು ತಂಗಿಗೆ ಕೊಟ್ಟ ಮಾತನ್ನು ಮುರಿದಂತಾಯಿತು. ಅಂದು ಬಂದವರಿಗೆಲ್ಲ ಅವನು ಶಾಲು ಹೊದೆಸಿದ. ಐತಪ್ಪನನ್ನು ಕರೆಯಲೇ ಇಲ್ಲ. ಐತಪ್ಪ ಅಷ್ಟರಲ್ಲಿ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ. ಸೀಲಿಂಗ್ ಹಲಗೆಗಳು ಬಂದವು. ಟ್ರೇಗಳನ್ನು ಎಲ್ಲರೂ ಮರೆತರು.

ಒಂಬತ್ತು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಎರಡನೆಯ ಅಂತಸ್ತಿನಲ್ಲಿ ನೀರಿನ ಕೊಳವೆಯ ಕೆಲಸ ನಡೆಯುತ್ತಿತ್ತು. ಕೊಳವೆಯವನು ಸೀಲಿಂಗಿನೊಳಗೆ ತಲೆ ಹಾಕಿ ಗೋಡೆಗೆ ತೂತು ಕೊರೆಯುತ್ತಿದ್ದ. ಹಳೆಯ ಕೊಳವೆಯಿಂದ ನೀರು ಹರಿದು ಹೊರಸಾಲೆಯ ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕತೊಡಗಿತು. ಅಲ್ಲಿ ಎಳೆಗೂಸುಗಳ ಕೋಣೆಯ ಬಾಗಿಲಿತ್ತು. ಫೆಲ್ಸಿ ಎಂಬ ದಾದಿ ಅದನ್ನು ಕಂಡಳು. ಕಬ್ಬಿಣದ ಏಣಿ ತಂದು ಹತ್ತಿದಳು. ಒಂದು ಹಲಗೆ ಸರಿಸಿ, ಬೋಗುಣಿಯನ್ನು ಏಣಿಯ ಮೇಲ್ಮೆಟ್ಟಿಲಲ್ಲಿಟ್ಟು, ನೀರು ಬೀಳುವ ಜಾಗ ಹುಡುಕಿದಳು. ಜಾರದಂತೆ ಎಡಗೈಯಿಂದ ಟ್ರೇಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಲಗೈ ನೀರಿನ ಕೊಳವೆಯ ಮೇಲಿತ್ತು. ಎರಡೂ ಕೈ ಒದ್ದೆಯಾಗಿದ್ದವು.

ಆ ಹೊತ್ತಿಗೆ ಸರಿಯಾಗಿ ಆಚೆ ತುದಿಯಲ್ಲಿ ಕೊಳವೆಯವನ ಡ್ರಿಲ್ ಜಾರಿತು. ಅದು ನೇರವಾಗಿ ದಪ್ಪ ಕೇಬಲ್‌ನೊಳಗೆ ಇಳಿಯಿತು. ಒಳಗಿನ ತಂತಿ ಟ್ರೇಗೆ ತಾಗಿತು.

ಕೆಳಗಿನ ಕೋಣೆಯಲ್ಲಿ ಕರೆಂಟು ಕಡಿಯುವ ಬ್ರೇಕರ್ ಟಪ್ಪನೆ ಬಿತ್ತು. ಹೊರಸಾಲೆಯ ದೀಪಗಳು ಆರಿದವು. ಅಷ್ಟೇ.

ಕರೆಂಟು ಹೋಯಿತು ಎಂದುಕೊಂಡಳು ಫೆಲ್ಸಿ. ಬೋಗುಣಿ ಇಟ್ಟು ಕೆಳಗಿಳಿದಳು, ಸೆರಗಿಗೆ ಕೈ ಒರೆಸಿಕೊಂಡು ಕೋಣೆಯೊಳಗೆ ಹೋದಳು. ಬೇರೆ ಟ್ರೇಯಲ್ಲಿ ಬಂದ ಕರೆಂಟಿನಿಂದ ಅಲ್ಲಿ ದೀಪಗಳು ಉರಿಯುತ್ತಿದ್ದವು. ತಿಂಗಳು ತುಂಬದೆ ಹುಟ್ಟಿದ ಹನ್ನೊಂದು ಕೂಸುಗಳು ಬೆಚ್ಚಗಿನ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಒಂದೂ ಎಚ್ಚರಗೊಂಡಿರಲಿಲ್ಲ.

ಮರುದಿನ ಒಬ್ಬ ಎಂಜಿನಿಯರ್ ಬಂದ. ಟ್ರೇಯ ಮೇಲೆ ಸುಟ್ಟ ಕಲೆ ನೋಡಿದ. ಆಗ ಅಲ್ಲಿ ಯಾರು ಯಾರು ಇದ್ದರು ಎಂದು ವಿಚಾರಿಸಿದ. ಫೆಲ್ಸಿ ತಾನು ಏಣಿಯ ಮೇಲಿದ್ದೆ ಎಂದಳು. ಕೈ ಎಲ್ಲಿತ್ತು ಎಂದು ಕೇಳಿದ. ತೋರಿಸಿದಳು. ಅವನು ಇನ್ನೊಮ್ಮೆ ತೋರಿಸಲು ಹೇಳಿದ. ಇನ್ನೊಮ್ಮೆ ತೋರಿಸಿದಳು. ಎಂಜಿನಿಯರ್ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ವ್ಯಾಪಾರಿಯನ್ನು ಕರೆಸಿದರು. ಎಂಜಿನಿಯರ್ ಅವನಿಗೆ ತಗ್ಗಿದ ದನಿಯಲ್ಲಿ ಹೇಳಿದ. ನಿನ್ನೆ ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತು, ಒಂದು ಮನುಷ್ಯಜೀವವನ್ನು ನೂರು ಸಲ ಸುಡುವಷ್ಟು ಕರೆಂಟು ಈ ಟ್ರೇಯಲ್ಲಿ ಹರಿಯಿತು. ಈಕೆಯ ಅಂಗೈಯ ಅಡಿಯಲ್ಲೇ ಹಾದು, ಈಕೆಯನ್ನು ಬಿಟ್ಟು, ನೆಲಕ್ಕೆ ಹೋಯಿತು. ಇಲ್ಲಿಂದ ನೆಲದವರೆಗೆ ನಲವತ್ತೇಳು ಜೋಡಣೆಗಳಿವೆ. ಅವುಗಳಲ್ಲಿ ಒಂದು ಸಡಿಲವಿದ್ದಿದ್ದರೂ—

ಅವನು ಫೆಲ್ಸಿಯ ಕೈ ನೋಡಿದ.

ವ್ಯಾಪಾರಿಗೆ ಆಗ ಎಪ್ಪತ್ತು ವರ್ಷ. ಎಲ್ಲರೂ ಬೇಡವೆಂದರೂ ಕೇಳದೆ ಟಾರ್ಚ್ ಹಿಡಿದು ಏಣಿ ಹತ್ತಿದ. ಸೀಲಿಂಗಿನೊಳಗೆ ತಲೆ ಹಾಕಿ ಬೆಳಕು ಬಿಟ್ಟ. ತನ್ನದೇ ಕಟ್ಟಡದ ಈ ಜಾಗವನ್ನು ಕೆಲಸ ಮುಗಿದ ಮೇಲೆ ಅವನು ನೋಡಿದ್ದು ಅದೇ ಮೊದಲು.

ಟ್ರೇಗಳು ಹೊರಸಾಲೆಯ ಉದ್ದಕ್ಕೂ ಗೆರೆ ಎಳೆದಂತೆ ಹೋಗಿದ್ದವು. ಒಂಬತ್ತು ವರ್ಷ ಉಪ್ಪುಗಾಳಿ ಕುಡಿದರೂ ತುಕ್ಕಿರಲಿಲ್ಲ. ಒಂದೂ ಬಾಗಿರಲಿಲ್ಲ. ಕೇಬಲ್‌ಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕದಲ್ಲಿ ಮಲಗಿದ್ದವು. ವ್ಯಾಪಾರಿ ಟ್ರೇಯ ಅಂಚಿನ ಮೇಲೆ ಬೆರಳು ಆಡಿಸಿದ. ಎಲ್ಲಿಯೂ ತರಚಲಿಲ್ಲ. ಕೈಗೆಟುಕದಷ್ಟು ಮೂಲೆಯಲ್ಲಿ, ಗೋಡೆಗೂ ತೊಲೆಗೂ ನಡುವೆ, ಕಟ್ಟಿದವನ ಹೊರತು ಬೇರೆ ಯಾರೂ ಎಂದೂ ನೋಡಲಾರದ ಕಡೆಯೂ ಕೆಲಸ ಹಾಗೆಯೇ ಇತ್ತು. ತಾಮ್ರದ ಪಟ್ಟಿಗಳನ್ನು ಒಂದೊಂದಾಗಿ ನೋಡಿದ. ತಾನು ಅಂದು ಗದರಿದ ಜೋಡಣೆ ಯಾವುದೆಂದು ಹುಡುಕಿದ. ಗುರುತು ಸಿಗಲಿಲ್ಲ. ಎಲ್ಲವೂ ಒಂದೇ ತೆರನಾಗಿದ್ದವು. ಏಣಿಯ ಮೇಲೆ ನಿಂತಲ್ಲೇ ಕೈ ಮುಗಿದ.

ಫೆಲ್ಸಿ ಆ ಸಂಜೆ ಮನೆಗೆ ಹೋಗಿ ಅಂಗೈಯನ್ನು ನೋಡುತ್ತ ಕುಳಿತಳಂತೆ. ಕಲೆ ಇರಲಿಲ್ಲ. ಬಿಸಿ ಕೂಡ ತಾಗಿರಲಿಲ್ಲ. ಏನಾಯಿತಮ್ಮ ಎಂದು ಮಗಳು ಕೇಳಿದಳು. ಏನೂ ಆಗಲಿಲ್ಲ ಎಂದು ಹೇಳಲು ಹೋಗಿ, ಮಗಳನ್ನು ತಬ್ಬಿಕೊಂಡು ಅತ್ತಳಂತೆ.

ವ್ಯಾಪಾರಿ ಐತಪ್ಪನನ್ನು ಹುಡುಕಿಕೊಂಡು ಹೊರಟ. ಮೂರು ಊರು ತಿರುಗಿದ ಮೇಲೆ ಒಂದು ಅಕ್ಕಿ ಗಿರಣಿಯಲ್ಲಿ ಸಿಕ್ಕಿದ. ಅಲ್ಲಿಯೂ ಏಣಿಯ ಮೇಲೆಯೇ ಇದ್ದ. ತಲೆ ಪೂರ್ತಿ ನರೆತಿತ್ತು. ವ್ಯಾಪಾರಿ ನಡೆದದ್ದನ್ನೆಲ್ಲ ಹೇಳಿದ. ಕ್ಷಮಿಸು ಎಂದ. ಐತಪ್ಪ ಕೆಲಸ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ. ಆ ಕೇಬಲ್ ಬದಲಾಯಿಸಿದಿರಾ, ಪಟ್ಟಿಗಳನ್ನೆಲ್ಲ ಮತ್ತೆ ಅಳೆಸಿದಿರಾ ಎಂದು ವಿಚಾರಿಸಿದ. ಆಮೇಲೆ ಮೆಲ್ಲನೆ ಏಣಿ ಇಳಿದು ಬಂದ.

"ಆ ದಾದಿಯ ಹೆಸರು ಏನಂದಿರಿ ಧಣಿ?"

"ಫೆಲ್ಸಿ."

ಐತಪ್ಪ ಆ ಹೆಸರನ್ನು ಒಮ್ಮೆ ಹೇಳಿಕೊಂಡ. ಅವನ ಕಣ್ಣು ತುಂಬಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಇನ್ನೂ ಏನೋ ಬರಲಿದೆ ಎಂದು ಕಾದ. ಬರಲಿಲ್ಲ.

"ಗುರುಗಳೇ, ನಾನು ಕೇಳಿದ್ದು ಪವಾಡದ ಬಗ್ಗೆ. ಈ ಕತೆಯಲ್ಲಿ ಏನೂ ಆಗಲೇ ಇಲ್ಲವಲ್ಲ" ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: "ನೀನು ಹುಟ್ಟಿದಂದಿನಿಂದ ಈ ಕ್ಷಣದವರೆಗೆ ನಿನಗೆ ಏನೇನು ಆಗಲಿಲ್ಲ ಎಂಬುದನ್ನು ಎಣಿಸಬಲ್ಲೆಯಾ, ಮಗು?"