ಹೂಂ ಎನ್ನದ ವರ್ತಕ

"ಗುರುಗಳೇ, ಒಬ್ಬರು ಕಟ್ಟಿದ ಕಲ್ಪನೆಯ ಲೋಕದೊಳಕ್ಕೆ ಇನ್ನೊಬ್ಬರು ಹೊಕ್ಕು, ಅಲ್ಲಿ ತಮ್ಮದೊಂದು ಕತೆ ಕಟ್ಟಿದರೆ, ಅದನ್ನು ಮೆಚ್ಚುವುದು ಮೊದಲು ಕಟ್ಟಿದವರಿಗೆ ಬಗೆದ ದ್ರೋಹವಲ್ಲವೇ?"

ಹೀಗೆ ಕೇಳಿದವನು ಗುರುಪಾದನೆಂಬ ಶಿಷ್ಯ. ಮಠದ ಹಿಂದಿನ ಕಟ್ಟೆಯ ಮೇಲೆ ಗುರುಗಳು ಹುಣಸೆಹಣ್ಣಿನ ನಾರು ಬಿಡಿಸುತ್ತ ಕುಳಿತಿದ್ದರು. ಕೈ ನಿಲ್ಲಿಸದೆ ಕೇಳಿದರು.

"ಯಾವ ಲೋಕವಪ್ಪ?"

"ನಮ್ಮ ದೊಡ್ಡ ಗುರುಗಳು ಇದ್ದಾಗ ಮಕ್ಕಳಿಗೆ ಹೇಳುತ್ತಿದ್ದರಲ್ಲ, ಗಾಳಿಯ ಮೇಲೆ ನಿಂತ ಪಟ್ಟಣ. ಆ ಪಟ್ಟಣದಲ್ಲೇ ನಡೆಯುವ ಹಾಗೆ ಯಾರೋ ಒಂದು ಹೊಸ ಕತೆ ಬರೆದಿದ್ದಾರೆ."

"ಓದಿದೆಯಾ?"

"ಸುಮ್ಮನೆ ಹಾಗೇ ಕಣ್ಣಾಡಿಸಿದೆ."

"ಎಷ್ಟು ಸಲ ಆಡಿಸಿದೆ?"

ಗುರುಪಾದನ ಕಿವಿ ಕೆಂಪಾಯಿತು. "ಎಣಿಸಲಿಲ್ಲ" ಎಂದ.

ಆ 'ಯಾರೋ' ಬೇರೆ ಯಾರೂ ಅಲ್ಲ, ಅವನ ಪಕ್ಕದ ಚಾಪೆಯಲ್ಲೇ ಮಲಗುವ ಹಾಲಪ್ಪ. ಬರೆದದ್ದನ್ನು ಹಾಲಪ್ಪ ಮೊದಲು ಕೊಟ್ಟದ್ದೂ ಇವನಿಗೇ. ಕೊಟ್ಟವನು ಹೇಗಿದೆ ಎಂದು ಬಾಯಿಬಿಟ್ಟು ಕೇಳಲಿಲ್ಲ. ನೀರು ಸೇದುವಾಗ, ಪಾತ್ರೆ ತೊಳೆಯುವಾಗ ಇವನ ಮುಖ ನೋಡುತ್ತಿದ್ದ, ಅಷ್ಟೇ. ಅಷ್ಟರಲ್ಲಿ ಕತೆಯ ಸುದ್ದಿ ಉಳಿದವರಿಗೂ ಹಬ್ಬಿ, ನಿನ್ನೆ ಊಟದ ಪಂಕ್ತಿಯಲ್ಲಿ ಒಬ್ಬ, "ಏನಯ್ಯ ಹಾಲಪ್ಪ, ದೊಡ್ಡ ಗುರುಗಳ ಪಟ್ಟಣದಲ್ಲಿ ನೀನೂ ಮನೆ ಮಾಡಿದೆಯಂತೆ, ಎಷ್ಟು ಅಂಕಣದ್ದು?" ಎಂದುಬಿಟ್ಟ. ಪಂಕ್ತಿಯ ನಗು ತಿಳಿಸಾರಿನ ಹಾಗೆ ನೋಡಿ, ಒಬ್ಬರ ಎಲೆಯಲ್ಲಿ ನಿಲ್ಲುವುದಿಲ್ಲ, ಹರಿಯುತ್ತದೆ. ಎಲ್ಲರೂ ನಕ್ಕರು. ಹಾಲಪ್ಪ ಉಳಿದವರ ಕಡೆ ತಿರುಗಲಿಲ್ಲ, ಗುರುಪಾದನ ಕಡೆ ಮಾತ್ರ ನೋಡಿದ. ಗುರುಪಾದನೂ ನಕ್ಕ.

ಆಮೇಲೆ ಅರ್ಧ ಊಟಕ್ಕೇ ಎಲೆ ಮಡಚಿ ಎದ್ದ. ಈಗ ಅವನು ತಪ್ಪೊಪ್ಪಿಕೊಳ್ಳಲು ಬಂದವನಲ್ಲ. ಹೌದು, ಅದು ದ್ರೋಹವೇ ಎಂದು ಗುರುಗಳು ಒಂದು ಮಾತು ಅಂದರೆ ನಾಚಿಕೆ ಅರ್ಧದಷ್ಟಾದರೂ ಇಳಿದೀತು ಎಂದು ಬಂದಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕೂತುಕೋ" ಎಂದು ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಕತೆಗಾರನಿದ್ದ. ಅವನು ಬರಿಯ ಮಾತಿನಲ್ಲಿ ಒಂದು ಕಡಲನ್ನು ಕಟ್ಟಿದ್ದ. ಅದರ ಹೆಸರು ಮೆಟ್ಟಿಲುಗಡಲು. ನಮ್ಮ ಕಡಲಿನ ಹಾಗೆ ಅದು ಸಮನಾಗಿ ಹರಡಿಕೊಂಡಿರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಿತ್ತು. ಮೆಟ್ಟಿಲಿಗೊಂದು ರಾಜ್ಯ. ಒಂದು ರಾಜ್ಯದ ಜನ ಮಲಗುವ ಮುನ್ನ ತಮ್ಮ ನೆರಳನ್ನು ಪಂಚೆಯಂತೆ ಮಡಚಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಇನ್ನೊಂದರಲ್ಲಿ ಮೀನುಗಳು ಮರ ಹತ್ತಿ ಗೂಡು ಕಟ್ಟುತ್ತಿದ್ದವು. ಸುಳ್ಳೆಂದು ಎಲ್ಲರಿಗೂ ಗೊತ್ತು. ಆದರೂ ದೀಪ ಹಚ್ಚುವ ಹೊತ್ತಿಗೆ ಊರಿಗೆ ಊರೇ ಅರಳಿಕಟ್ಟೆಯ ಮುಂದೆ ಸೇರುತ್ತಿತ್ತು.

ಹೂಂಗುಟ್ಟುವವರಿಲ್ಲದೆ ಕತೆ ಸಾಗದು ಎಂಬುದು ಎಲ್ಲ ಊರಿನ ಮಾತು. ಆ ಊರಿನವರು ಅದನ್ನೊಂದು ಕಟ್ಟಳೆಯನ್ನೇ ಮಾಡಿಕೊಂಡಿದ್ದರು. ಕಟ್ಟೆಯ ಎದುರಿಗೆ ಒಂದು ಕಲ್ಲು. ಅದರ ಮೇಲೆ ಕುಳಿತವರು ಹೂಂಗುಟ್ಟಬೇಕು. ಕತೆಗಾರ ತಿರುವಿಗೊಮ್ಮೆ ನಿಲ್ಲುತ್ತಾನೆ, ಕಲ್ಲಿನಿಂದ ಹೂಂ ಬರುತ್ತದೆ, ಕತೆ ಮುಂದಕ್ಕೆ ಹೆಜ್ಜೆ ಇಡುತ್ತದೆ. ಹೂಂ ಬರದಿದ್ದರೆ ಕತೆಗಾರ ಎದ್ದುಬಿಡಬೇಕು. ಹಾಗೆ ನಿಂತ ಕತೆಯನ್ನು ಅದೇ ಬಾಯಿ ಮತ್ತೆಂದೂ ಎತ್ತಬಾರದು.

ಆ ಕಲ್ಲಿನ ಮೇಲೆ ಕೂರುತ್ತಿದ್ದವನು ಒಬ್ಬ ಬಟ್ಟೆಯ ವರ್ತಕ. ಕಟ್ಟೆಯ ಎದುರಿಗೇ ಅವನ ಅಂಗಡಿ. ಅವನ ಹೂಂ ಎಂದರೆ ಹೂಂ. ನಗುವ ಜಾಗಕ್ಕೊಂದು, ಅಳುವ ಜಾಗಕ್ಕೊಂದು, ಹೆದರುವ ಜಾಗಕ್ಕೆ ಗಂಟಲೊಳಗೇ ಉಳಿಯುವಂಥದ್ದು ಇನ್ನೊಂದು. ಕತೆ ಅರ್ಧ ಕತೆಗಾರನದು, ಅರ್ಧ ಯಜಮಾನರದು ಎಂದು ಜನ ಹೇಳುತ್ತಿದ್ದರು. ವರ್ತಕನಿಗೆ ಒಳಗೊಳಗೇ ಹಿಗ್ಗು.

ಕತೆಗಾರ ತೀರಿಕೊಂಡ. ಕಲ್ಲು ಖಾಲಿ ಬಿತ್ತು. ಮೆಟ್ಟಿಲುಗಡಲು ಬತ್ತಿಹೋಯಿತೆಂದು ಜನ ನಿಟ್ಟುಸಿರುಬಿಟ್ಟರು.

ಕೆಲವು ಕಾಲದ ಮೇಲೆ ಅದೇ ಊರಿನ ಒಬ್ಬ ದರ್ಜಿ ಹೆದರುತ್ತ ಹೆದರುತ್ತ ಕಟ್ಟೆ ಹತ್ತಿದ. "ಕಡಲು ನನ್ನದಲ್ಲ. ಅದರಲ್ಲಿ ಒಂದು ದೋಣಿ ಮಾತ್ರ ಬಿಡುತ್ತೇನೆ" ಎಂದು ಕೈಮುಗಿದ.

ಹಳೆಯ ಕತೆಯಲ್ಲಿ ಒಬ್ಬ ಅಂಬಿಗ ಬರುತ್ತಿದ್ದ. ರಾಜಕುಮಾರನನ್ನು ಕೊನೆಯ ಮೆಟ್ಟಿಲಿಗೆ ದಾಟಿಸಿದವನು ಅವನೇ. ದಡಕ್ಕೆ ಹಾರುವಾಗ ರಾಜಕುಮಾರ, "ನಾನು ಮರಳಿ ಬರುವವರೆಗೆ ದೋಣಿಯನ್ನು ನಡುನೀರಿನಲ್ಲೇ ನಿಲ್ಲಿಸಿರು" ಎಂದು ಹೇಳಿ ಹೋದ. ಹೋದವನು ರಾಜ್ಯ ಗೆದ್ದ, ಮದುವೆಯಾದ, ಬೇರೆ ದಾರಿಯಲ್ಲಿ ಊರು ಸೇರಿದ. ಕತೆ ಅಲ್ಲಿಗೆ ಮುಗಿಯಿತು. ಅಂಬಿಗನ ಸುದ್ದಿ ಮತ್ತೆ ಬರಲಿಲ್ಲ. ದರ್ಜಿ ಆ ಅಂಬಿಗನನ್ನು ಹಿಡಿದುಕೊಂಡ. "ಅವನು ಇನ್ನೂ ಕಾಯುತ್ತಿದ್ದ" ಎಂದು ಶುರುಮಾಡಿದ.

ಎಲೆ ಅಡಿಕೆ ಮಾರುವ ಒಬ್ಬ ಮುದುಕಿ ಎದ್ದುಹೋಗಿ ಕಲ್ಲಿನ ಮೇಲೆ ಕುಳಿತು "ಹೂಂ" ಎಂದಳು. ಕತೆ ಹೊರಟಿತು.

ವರ್ತಕನಿಗೆ ಮೈ ಉರಿಯಿತು. ಮಾರನೆಯ ದಿನ ಅಂಗಡಿಗೆ ಬಂದವರು, "ದರ್ಜಿಯ ಕತೆ ಚೆನ್ನಾಗಿದೆ ಯಜಮಾನರೇ, ನೀವೂ ಬರಬೇಕಿತ್ತು" ಎಂದಾಗ ಬೀದಿಗೆಲ್ಲ ಕೇಳುವ ಹಾಗೆ ಅಂದ:

"ಯಾರದೋ ಥಾನು, ಇವನ ಕತ್ತರಿ. ಸತ್ತವನ ಬಟ್ಟೆಯ ಚೂರಿನಲ್ಲಿ ಕುಲಾವಿ ಹೊಲಿಯುವುದೂ ಒಂದು ಕಸುಬೇ?"

ಎಲೆಬುಟ್ಟಿ ಹೊತ್ತು ಹೋಗುತ್ತಿದ್ದ ಮುದುಕಿ ನಿಂತಳು. "ಯಾಕಪ್ಪ, ನೀನು ಕುಲಾವಿ ಹಾಕಿಕೊಳ್ಳದೆ ನೆಟ್ಟಗೆ ಪೇಟ ಸುತ್ತಿಕೊಂಡೇ ಹುಟ್ಟಿದೆಯೇನು?"

ಬೀದಿ ನಕ್ಕಿತು. ನಕ್ಕಷ್ಟೂ ವರ್ತಕನ ಹಟ ಗಟ್ಟಿಯಾಯಿತು. ಸತ್ತವನಿಗೆ ನಿಷ್ಠನಾಗಿರುವವನು ಈ ಊರಿನಲ್ಲಿ ನಾನೊಬ್ಬನೇ ಎಂದು ತನಗೆ ತಾನೇ ಹೇಳಿಕೊಂಡ.

ಆದರೆ ಕಿವಿ ಹಟ ಮಾಡುವುದಿಲ್ಲ ನೋಡು. ಸಂಜೆ ಅಂಗಡಿಯ ಬಾಗಿಲಿಗೆ ಹಲಗೆಗಳನ್ನು ಒಂದೊಂದಾಗಿ ಜೋಡಿಸುತ್ತ ಬಂದವನು ಕೊನೆಯ ಹಲಗೆಯನ್ನು ಹಾಕದೆ ಬಿಟ್ಟ. ಗಾಳಿ ಬರಲಿ ಎಂದುಕೊಂಡ. ಗಾಳಿಯ ಜೊತೆಗೆ ಅಂಬಿಗನೂ ಬಂದ. ಅಂಬಿಗನ ಕೂದಲು ಬೆಳೆದು ನೀರಿಗೆ ಇಳಿದಿತ್ತಂತೆ, ಮರಿಮೀನುಗಳು ಅದರಲ್ಲಿ ಗೂಡು ಕಟ್ಟಿದ್ದವಂತೆ. ರಾಜಕುಮಾರನ ಮುಖ ಅವನಿಗೆ ಮರೆತುಹೋಗಿತ್ತು, ಕೊಟ್ಟ ಮಾತು ಮಾತ್ರ ನೆನಪಿತ್ತು. ವರ್ತಕ ಕತ್ತಲಲ್ಲಿ ಕುಳಿತು, ಮಾರಬೇಕಾದ ಥಾನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡ. ಬೆಳಗಾದರೆ ಮತ್ತೆ ಕುಲಾವಿಯ ಮಾತು. ಸಂಜೆಯಾದರೆ ಮತ್ತೆ ಹಲಗೆಯ ಸಂದಿ.

ಹೀಗಿರುವಾಗ ಮುದುಕಿ ಮೊಮ್ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋದಳು. ಆ ಸಂಜೆ ಕಲ್ಲು ಖಾಲಿಯಿತ್ತು. ಯಾರಾದರೂ ಬಂದು ಕೂತಾರು ಎಂದು ನಂಬಿ ದರ್ಜಿ ಕತೆ ಎತ್ತಿದ. ಮೇಲಿನ ಮೆಟ್ಟಿಲಿನಲ್ಲಿ ಯಾರೋ ಬಂದು ನಿಂತಿದ್ದಾರೆ. ಮಂಜು, ಮುಖ ಕಾಣದು. ರಾಜಕುಮಾರನೋ, ದಾರಿಹೋಕನೋ? ಅಂಬಿಗ ದೋಣಿಯಲ್ಲಿ ಎದ್ದುನಿಂತ, ಕೂಗಲೆಂದು ಕೈ ಎತ್ತಿದ.

ದರ್ಜಿ ಅಲ್ಲಿಗೆ ನಿಲ್ಲಿಸಿದ. ಹೂಂ ಬರಬೇಕಿತ್ತು.

ಜನ ಕಲ್ಲನ್ನು ನೋಡಿದರು. ಆಮೇಲೆ ಅಂಗಡಿಯನ್ನು ನೋಡಿದರು. ಹಿರಿಯರೊಬ್ಬರು ಕೂಗಿದರು: "ಯಜಮಾನರೇ, ಇದ್ದೀರಲ್ಲ ಒಳಗೆ? ಬನ್ನಿ, ನಿಮ್ಮ ಜಾಗ ಕಾಯುತ್ತಿದೆ. ಒಂದು ಹೂಂ ಅಂದರೆ ನಿಮ್ಮ ಗಂಟೇನು ಹೋಗುತ್ತದೆ?"

ವರ್ತಕನ ಕಾಲು ಎದ್ದೇ ಬಿಟ್ಟಿತ್ತು. ಕತೆ ನಿಂತರೆ ಆ ಅಂಬಿಗ ಇನ್ನೆಂದೂ ದಡ ಕಾಣಲಾರನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಬೀದಿಗೆಲ್ಲ ಕೇಳುವ ಹಾಗೆ ಆಡಿದ ಮಾತು ಹೊಸ್ತಿಲಲ್ಲಿ ಅಡ್ಡ ಮಲಗಿತ್ತು. ಅದನ್ನು ದಾಟುವುದು ಹೇಗೆ? ಸಂದಿಯಲ್ಲಿ ಮುಖ ತೋರಿಸಿ, "ನಾನು ಹೂಂಗುಟ್ಟಿದ್ದು ಒಬ್ಬರಿಗೆ. ಇನ್ನೊಬ್ಬರಿಗೆ ಹೂಂಗುಟ್ಟಿ ಬಾಯಿ ಎಂಜಲು ಮಾಡಿಕೊಳ್ಳಲಾರೆ" ಎಂದ. ಕೊನೆಯ ಹಲಗೆಯನ್ನೂ ಹಾಕಿಕೊಂಡ.

ಹಾಕಿಕೊಂಡು, ಒಳಗೆ ಕತ್ತಲಲ್ಲಿ, "ಹೂಂ" ಎಂದ. ಅದು ಹಲಗೆ ದಾಟಲಿಲ್ಲ.

ದೊಡ್ಡವರು ಒಲ್ಲೆನೆಂದ ಕಲ್ಲಿನ ಮೇಲೆ ಚಿಕ್ಕವರು ಹೇಗೆ ಕೂರುವುದು? ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಂಡರು. ದರ್ಜಿ ಸ್ವಲ್ಪ ಹೊತ್ತು ಕಾದ. ಆಮೇಲೆ ತಾನು ಕುಳಿತಿದ್ದ ಜಮಖಾನ ಕೊಡವಿ ಮಡಚಿದ. ಮೂಲೆಗೆ ಮೂಲೆ ಸರಿಯಾಗಿ ಸೇರಿಸಿ ಮಡಚಿ, ಇಳಿದುಹೋದ.

ಅಂದಿನಿಂದ ವರ್ತಕನಿಗೆ ಅಳತೆ ತಪ್ಪತೊಡಗಿತು. ಮೊಳ ಹಾಕಿ ಹಾಕಿ ನಡುವೆ ಮರೆಯುತ್ತಿದ್ದ. ಕಣ್ಣು ಮುಚ್ಚಿದರೆ ಆ ಎತ್ತಿದ ಕೈ. ಕೊನೆಗೊಂದು ಮಧ್ಯಾಹ್ನ ಬಟ್ಟೆಯ ತುಂಡೊಂದನ್ನು ಕಂಕುಳಲ್ಲಿಟ್ಟುಕೊಂಡು ಹಿತ್ತಿಲ ದಾರಿಯಿಂದ ದರ್ಜಿಯ ಮನೆಗೆ ಹೋದ. ಒಂದು ಅಂಗಿ ಹೊಲಿಯಬೇಕು ಎಂದ. ದರ್ಜಿ ಅಳತೆಪಟ್ಟಿ ತೆಗೆದುಕೊಂಡು ಎದ್ದ. ಕೊರಳಿನ ಅಳತೆ ತೆಗೆಯುವಾಗ ವರ್ತಕ ಗೋಡೆಯ ಕಡೆ ನೋಡುತ್ತ, ಏನೋ ನೆನಪಾದವನಂತೆ ಕೇಳಿದ.

"ಅಲ್ಲಪ್ಪ, ಆ ಮಂಜಿನಲ್ಲಿ ಬಂದು ನಿಂತನಲ್ಲ, ಅವನು ಯಾರು?"

ದರ್ಜಿಯ ಕೈ ನಿಂತಿತು. "ಗೊತ್ತಿಲ್ಲ ಯಜಮಾನರೇ."

"ಕಟ್ಟಿದವನು ನೀನು. ನಿನಗೇ ಗೊತ್ತಿಲ್ಲವೇ?"

"ನಾನು ಕಟ್ಟಿದ್ದು ನಿಮಗಾಗಿ. ಹಳೆಯ ಕತೆ ಮುಗಿದ ದಿನ ಎಲ್ಲರೂ ಎದ್ದುಹೋದರು. ನೀವು ಕಲ್ಲಿನ ಮೇಲೆ ಕೂತೇ ಇದ್ದಿರಿ. 'ಹಾಗಾದರೆ ಆ ಅಂಬಿಗ?' ಎಂದು ನಿಮ್ಮಷ್ಟಕ್ಕೆ ನೀವೇ ಅಂದಿರಿ. ನಾನು ಹಿಂದೆ ನಿಂತಿದ್ದೆ. ಆ ಪ್ರಶ್ನೆ ಅಂದೇ ನನಗೂ ಅಂಟಿತು." ದರ್ಜಿ ಪಟ್ಟಿ ಇಳಿಸಿ ಹೇಳಿದ: "ನೀವು ಸಂದಿಯಲ್ಲಿ ಕೂರುವುದು ನನಗೆ ಗೊತ್ತಿತ್ತು. ಅತ್ತ ಮುಖ ಮಾಡಿಯೇ ಹೇಳುತ್ತಿದ್ದೆ. ಕಲ್ಲಿನ ಮೇಲಿಂದ ಅಜ್ಜಿ ಅನ್ನುತ್ತಿದ್ದ ಹೂಂ ಕಟ್ಟಳೆಗಾಯಿತು. ನೀವು ಉಸಿರು ಬಿಗಿಹಿಡಿಯುವುದನ್ನು ಕೇಳಿಕೊಂಡೇ ನಾನು ಮುಂದಿನ ದಿನದ್ದು ಕಟ್ಟುತ್ತಿದ್ದೆ."

ವರ್ತಕನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ತಗ್ಗಿದ ದನಿಯಲ್ಲಿ, "ಈಗ ಹೇಳಪ್ಪ. ಇಲ್ಲಿ ನಾವಿಬ್ಬರೇ ಇದ್ದೇವೆ. ನಾನು ಹೂಂ ಅನ್ನುತ್ತೇನೆ" ಎಂದ.

"ಇಬ್ಬರೇ ಇದ್ದಾಗ ಹೂಂ ಅನ್ನುವುದಕ್ಕೆ ನಿಮಗೆ ಯಾವತ್ತೂ ಕಷ್ಟವಿರಲಿಲ್ಲ ಯಜಮಾನರೇ. ಅದು ಊರೆಲ್ಲ ನೋಡುತ್ತಿದ್ದಾಗ ಬೇಕಾಗಿತ್ತು." ಹೀಗೆ ಹೇಳಿ ದರ್ಜಿ ಮತ್ತೆ ಪಟ್ಟಿ ಹಿಡಿದ. "ತೋಳು ಎತ್ತಿ. ಅಳತೆ ತೆಗೆಯಬೇಕು."

ವರ್ತಕ ಕೈ ಎತ್ತಿದ. ಅಳತೆ ಮುಗಿದ ಮೇಲೂ ಅದನ್ನು ಇಳಿಸಲು ಅವನಿಗೆ ತೋಚಲಿಲ್ಲ.

ಆ ಸಂಜೆ ಅವನು ಎಲ್ಲರೂ ನೋಡುವ ಹಾಗೆ ಹೋಗಿ ಕಲ್ಲಿನ ಮೇಲೆ ಕುಳಿತ. ಖಾಲಿ ಕಟ್ಟೆಯ ಕಡೆಗೆ ತಿರುಗಿ ಗಟ್ಟಿಯಾಗಿ "ಹೂಂ" ಎಂದ. ಯಾರೂ ನಗಲಿಲ್ಲ. ಆ ದಾರಿಯಲ್ಲಿ ಹೋಗುತ್ತಿದ್ದ ದರ್ಜಿ ನಿಂತು, ಕೈಮುಗಿದು, ಮನೆಯ ಕಡೆ ನಡೆದ. ಕಟ್ಟಳೆ ಕಟ್ಟಳೆಯೇ. ನಿಂತ ಕತೆಯನ್ನು ಅವನು ಎತ್ತುವಂತಿರಲಿಲ್ಲ, ಹೊಸದನ್ನು ಕಟ್ಟುವ ಮನಸ್ಸು ಅವನಲ್ಲಿ ಉಳಿದಿರಲಿಲ್ಲ. ಅಂಗಿ ಹೊಲಿದು ಬಂತು. ಮೈಗೆ ಹೇಳಿ ಮಾಡಿಸಿದ ಹಾಗಿತ್ತು, ಒಂದು ನೂಲಿನಷ್ಟೂ ಕೊರತೆಯಿಲ್ಲ. ಅದನ್ನು ತೊಟ್ಟಾಗಲೆಲ್ಲ ವರ್ತಕನ ಮೈ ಚುರುಗುಟ್ಟುತ್ತಿತ್ತು.

ಗುರುಗಳು ಕತೆ ನಿಲ್ಲಿಸಿ, ಬಿಡಿಸಿದ ಹುಣಸೆಹಣ್ಣನ್ನು ಉಂಡೆ ಕಟ್ಟತೊಡಗಿದರು. ಗುರುಪಾದ ತಲೆ ತಗ್ಗಿಸಿ ಕುಳಿತಿದ್ದ. ತಾನು ಕೇಳಬೇಕಾದದ್ದು ಬೇರೆ ಎಂದು ಅವನಿಗೆ ಗೊತ್ತಿತ್ತು. ಬಾಯಿ ಮಾತ್ರ ಸುಲಭದ್ದನ್ನು ಕೇಳಿತು.

"ಗುರುಗಳೇ, ಹಾಗಾದರೆ ಆ ಅಂಬಿಗನ ಗತಿ ಏನಾಯಿತು?"

"ಅಂಬಿಗನನ್ನು ಆಮೇಲೆ ವಿಚಾರಿಸುವೆಯಂತೆ, ಮಠ ಬಿಟ್ಟು ಊರಿಗೆ ಹೊರಡುತ್ತೇನೆಂದು ಹಾಲಪ್ಪ ಬೆಳಿಗ್ಗೆ ನನ್ನ ಅಪ್ಪಣೆ ಪಡೆದ, ಈಗ ಒಳಗೆ ಎಲ್ಲರೆದುರಿಗೆ ಗಂಟು ಕಟ್ಟುತ್ತಿದ್ದಾನೆ."