ಪೇಟೆ ಸುತ್ತಿ ಬಂದ ಸುದ್ದಿ

ಮೀನುಪೇಟೆಯಲ್ಲಿ ಒಂದೇ ಮರಿಯ ಬಾಣಂತಿ ನಾಯಿಯೊಂದಿತ್ತು. ಪಕ್ಕದ ಬೀದಿಯ ನಾಯಿ ಬೊಗಳಿದರೆ ಸಾಕು, ಹಾಲು ಕುಡಿಯುವ ಮರಿಯನ್ನು ಕೊಡವಿ ಎದ್ದು, ತಾನೂ ಬೊಗಳಿ ಆ ಸುದ್ದಿಯನ್ನು ಆಚೆ ಬೀದಿಗೆ ದಾಟಿಸುತ್ತಿತ್ತು.

“ಏನಾಯಿತೇ?” ಎಂದು ಗೋಡೆಯ ಮೇಲಿನ ಬೆಕ್ಕು ಕೇಳಿದರೆ, “ಯಾರಿಗೆ ಗೊತ್ತು! ಬಂದ ಸುದ್ದಿಯನ್ನು ತಡೆದಿಟ್ಟುಕೊಳ್ಳೋದು ತಪ್ಪಲ್ಲವೇನೇ?” ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಹೀಗೆ ಬೊಗಳಿ ತಿರುಗಿದರೆ ಮರಿ ಚರಂಡಿಗೆ ಬಿದ್ದಿತ್ತು. ತಾಯಿ ಗಾಬರಿಯಿಂದ ಕೂಗಿಕೊಂಡಿತು. ಬೀದಿಬೀದಿಯ ನಾಯಿಗಳೂ ಆ ಕೂಗನ್ನು ಬಹಳ ಶ್ರದ್ಧೆಯಿಂದ ಮುಂದಕ್ಕೆ ದಾಟಿಸಿದವು. ಒಂದೂ ಬರಲಿಲ್ಲ.

“ಊರೆಲ್ಲ ನಿನ್ನ ಮರಿಯದೇ ಮಾತು ಕಣೇ. ಇನ್ನು ಚರಂಡಿಗೆ ಇಳಿಯೋರು ಯಾರು ಅನ್ನೋದೊಂದೇ ಬಾಕಿ,” ಎಂದಿತು ಬೆಕ್ಕು.

ತಾಯಿ ತಾನೇ ಧುಮುಕಿ, ಮರಿಯ ಕತ್ತು ಕಚ್ಚಿಕೊಂಡು ಮೇಲೆ ತಂದು, ನೆಕ್ಕಿ ಒಣಗಿಸಿ ಹಾಲಿಗೆ ಬಿಟ್ಟಿತು. ಅಷ್ಟರಲ್ಲಿ ಪಕ್ಕದ ಬೀದಿಯ ನಾಯಿ ಬೊಗಳಿತು: “ಕೇಳಿದಿರಾ? ಮೀನುಪೇಟೆಯಲ್ಲಿ ಏಳು ಮರಿ ನೀರುಪಾಲು! ಈಗಲೇ ಹತ್ತು ಬೀದಿಗೆ ದಾಟಿಸಿ!”

ಅಭ್ಯಾಸಬಲದಿಂದ ತಾಯಿಯ ಬಾಯಿ ತೆರೆಯಿತು. ಮರಿಯನ್ನು ನೋಡಿ ಮುಚ್ಚಿಕೊಂಡಿತು.

“ಯಾಕಮ್ಮ, ದಾಟಿಸೋದಿಲ್ಲವೇ?” ಎಂದು ಬೆಕ್ಕು ಕೆಣಕಿತು.

“ಎದ್ದರೆ ಇದರ ಬಾಯಿಂದ ಮೊಲೆ ತಪ್ಪುತ್ತೆ,” ಎಂದು ಹೇಳಿ ತಾಯಿ ಕಾಲು ಚಾಚಿ ಮಲಗಿತು.