ಏಳು ಪೆಂಟೆ ಬೆಲ್ಲ

“ಅಜ್ಜಾರ, ನಮ್ಮಪ್ಪ ದಿನಾ ಆರು ರೊಟ್ಟಿ ತಿಂತಿದ್ದ. ಮ್ಯಾಲೆ ಒಂದು ಮುದ್ದಿ ಬೆಣ್ಣಿ, ಒಂದು ತುಂಡು ಬೆಲ್ಲ. ಎಂಬತ್ತು ವರ್ಷ ಬಾಳಿದ, ಹೊಟ್ಟಿ ಮುಂದ ಬರಲಿಲ್ಲ. ನಾನೂ ಅವೇ ಆರು ರೊಟ್ಟಿ ತಿಂತೀನಿ. ನನಗ್ಯಾಕ ಹಿಂಗಾತು? ರೊಟ್ಟಿ ಕೆಟ್ಟಾವೋ, ನನ್ನ ಹಣೆಬರಹ ಕೆಟ್ಟೈತೋ?”

ಕೇಳಿದವನು ಬಾಳಪ್ಪ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ನಲವತ್ತು ಮೆಟ್ಟಿಲು ಹತ್ತಿ ಬಂದು, ಕಂಬ ಹಿಡಿದು ಏದುಸಿರು ಬಿಡುತ್ತಿದ್ದ. ಊರವರೆಲ್ಲ ಅಜ್ಜಾರು ಎಂದು ಕರೆಯುವ ಗುರುಗಳು ಅವನನ್ನು ನೋಡಿ ನಕ್ಕರು.

“ಮೊದಲು ಕೂಡು, ಉಸಿರು ತಗೋ. ರೊಟ್ಟಿನ್ನ ಬೈಬ್ಯಾಡ, ಅದು ಬಡಪಾಯಿ. ಒಂದು ಕತಿ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ.”

ಬಾಳಪ್ಪ ಕೂತ. ಅಜ್ಜಾರು ಹೇಳತೊಡಗಿದರು.

ಕಬ್ಬಿನ ಸೀಮೆಯಲ್ಲಿ ಒಬ್ಬ ರೈತನಿದ್ದ. ಮದುವೆಯಾಗಿ ಹತ್ತು ವರ್ಷವಾದರೂ ಅವನಿಗೆ ಮಕ್ಕಳಿರಲಿಲ್ಲ. ಗುಡ್ಡದ ಮೇಲಿನ ದೇವಿಗೆ ಹರಕೆ ಹೊತ್ತ. ‘ತಾಯೀ, ಒಂದು ಕೂಸು ಕೊಡು. ಬದುಕಿರುವ ತನಕ ವರ್ಷಕ್ಕೊಮ್ಮೆ ನನ್ನ ಕಾಲ ಮೇಲೆ ಹತ್ತಿ ಬಂದು, ನನ್ನ ತೂಕದ ಬೆಲ್ಲ ನಿನಗೆ ಒಪ್ಪಿಸುತ್ತೇನೆ.’ ವರ್ಷ ತುಂಬುವುದರೊಳಗೆ ಹೆಣ್ಣು ಕೂಸು ಹುಟ್ಟಿತು. ನಿಂಬೆವ್ವ ಎಂದು ಹೆಸರಿಟ್ಟರು.

ರೈತ ನಾನೂರು ಮೆಟ್ಟಿಲನ್ನು ಒಂದೇ ದಮ್ಮಿಗೆ ಹತ್ತಿದ. ಗುಡಿಯ ತಕ್ಕಡಿಯಲ್ಲಿ ಕೂತ. ಎದುರಿಗೆ ಹನ್ನೆರಡು ಪೆಂಟೆ ಬೆಲ್ಲ ಇಟ್ಟಾಗ ಸರಿತೂಗಿತು. ಪೆಂಟೆ ನಿನಗೆ ಗೊತ್ತಲ್ಲ, ಎರಡೂ ಕೈ ಹಾಕಿ ಎತ್ತುವ ಬೆಲ್ಲದ ಗಟ್ಟಿ. ಮರುವರ್ಷವೂ ಹನ್ನೆರಡೇ. ಐದು ವರ್ಷ ಹಾಗೇ ನಡೆಯಿತು.

ಆಮೇಲೆ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಪೇಟೆಯಲ್ಲಿ ಬೆಲ್ಲದ ಅಂಗಡಿ ಹಾಕಿದ. ರೈತ ವ್ಯಾಪಾರಿಯಾದ. ಮೊದಲು ಕೋಳಿ ಕೂಗಿದಾಗ ಎದ್ದು ಎರಡು ಹರದಾರಿ ನಡೆದು ಹೊಲಕ್ಕೆ ಹೋಗುತ್ತಿದ್ದವನು ಈಗ ಗಾದಿಯ ಮೇಲೆ ಲೋಡಿಗೆ ಒರಗಿ ಕೂತ. ಹೊಲಕ್ಕೆ ಬರುತ್ತಿದ್ದ ಬುತ್ತಿ ಅಂಗಡಿಗೆ ಬಂತು. ಅದೇ ರೊಟ್ಟಿ, ಅದೇ ಬೆಣ್ಣೆ. ಗಿರಾಕಿ ಬಂದರೆ ಬೆಲ್ಲ ಮುರಿದು ರುಚಿ ತೋರಿಸಬೇಕು. ಅವನಿಗೊಂದು ಚೂರು, ನಂಬಿಕೆಗೆ ತನ್ನ ಬಾಯಿಗೊಂದು ಚೂರು. ದಿನಕ್ಕೆ ಎಷ್ಟು ಗಿರಾಕಿ ಎಂದು ನೀನೇ ಯೋಚಿಸು.

ಇನ್ನು ನಮ್ಮ ಸೀಮೆಯ ರೀತಿ. ಮನೆಗೆ ಬಂದವನನ್ನು ಒಬ್ಬನೇ ಉಣ್ಣಲು ಬಿಡುವಂತಿಲ್ಲ. ಯಜಮಾನ ಜೊತೆಗೆ ಕೂರಬೇಕು. ಬಂದವನು ಕೈ ತೊಳೆಯುವ ತನಕ ತಾನು ತೊಳೆಯುವಂತಿಲ್ಲ. ಒಳ್ಳೆಯ ರೀತಿಯೇ, ನಾನು ಬೇಡ ಎನ್ನುವುದಿಲ್ಲ. ಆದರೆ ರೈತನಾಗಿದ್ದಾಗ ಅವನ ಮನೆಗೆ ವರ್ಷಕ್ಕೆ ನಾಲ್ಕು ಸಲ ಬೀಗರು ಬರುತ್ತಿದ್ದರು. ವ್ಯಾಪಾರಿಯಾದ ಮೇಲೆ ದಿನಕ್ಕೆ ನಾಲ್ಕು ಜನ ಬಂದರು. ನಾಲ್ಕು ಸಲವೂ ಕೂತ. ನಾಲ್ಕು ಸಲವೂ ಕೊನೆಗೆ ಕೈ ತೊಳೆದ.

ತಕ್ಕಡಿಯಲ್ಲಿ ಹದಿಮೂರು ಪೆಂಟೆ ಬಂತು, ಹದಿನಾಲ್ಕು ಬಂತು. ಊರವರು ಹಿಗ್ಗಿದರು. ‘ದೇವಿ ಕೈತುಂಬಾ ಕೊಟ್ಟಳು, ಅವನೂ ಕೈತುಂಬಾ ಕೊಡುತ್ತಿದ್ದಾನೆ’ ಎಂದರು. ಪೂಜಾರಿಯ ಮುಖವಂತೂ ಕೇಳಲೇಬೇಡ. ಹದಿನಾರಕ್ಕೆ ಬಂದ ವರ್ಷ ಮೆಟ್ಟಿಲ ಮೇಲೆ ಮೂರು ಕಡೆ ಕೂತು ಎದ್ದ. ಹತ್ತೊಂಬತ್ತಕ್ಕೆ ಬಂದ ವರ್ಷ ನಾಲ್ಕು ಆಳುಗಳು ಅವನನ್ನು ಡೋಲಿಯಲ್ಲಿ ಹೊತ್ತೊಯ್ದರು. ಕಾಲ ಮೇಲೆ ಬರುತ್ತೇನೆ ಎಂದ ಮಾತನ್ನು ಯಾರೂ ನೆನಪಿಸಲಿಲ್ಲ. ದೇವಿಯೂ ಸುಮ್ಮನಿದ್ದಳು.

ಮರುವರ್ಷ ಗುಡ್ಡದ ಬುಡದಲ್ಲಿ ಡೋಲಿ ಕಾದಿತ್ತು. ಬೆಲ್ಲ ಹೇರಲು ಕತ್ತೆಗಳೂ ನಿಂತಿದ್ದವು. ನಿಂಬೆವ್ವನಿಗೆ ಆಗ ಹದಿನೈದು ವರ್ಷ. ಅವಳು ಒಂದು ಚೀಲವನ್ನು ಆಳುಗಳಿಂದ ಅಪ್ಪನ ಮುಂದೆ ಇಡಿಸಿ, ಅದನ್ನು ಕತ್ತೆಯ ಮೇಲೆ ಹೇರಿಕೊಡಲು ಹೇಳಿದಳು. ವ್ಯಾಪಾರಿ ಎತ್ತಿದ. ಮೊಣಕಾಲಿನ ತನಕ ಬಂತು, ಅಷ್ಟೇ. ದೊಪ್ಪನೆ ಕೆಳಗಿಟ್ಟು ಎದೆ ಹಿಡಿದುಕೊಂಡ.

‘ಏನೈತವ್ವಾ ಇದರಾಗ? ಕಲ್ಲು ತುಂಬೀಯೇನು?’

‘ಬೆಲ್ಲ ಅಪ್ಪಾ. ಏಳು ಪೆಂಟಿ. ನನ್ನ ಬೇಡಿಕೊಂಡಾಗ ನೀ ಹನ್ನೆರಡಿದ್ದಿ. ಇದು ಆಮ್ಯಾಲ ಕೂಡಿದ್ದು. ಇದನ್ನ ಹೊತಗೊಂಡ ಮಲಗ್ತಿ, ಹೊತಗೊಂಡ ಏಳ್ತಿ. ಮಲಗಿದಾಗ ನಿನ್ನ ಉಸಿರು ನಿಂತ ಬಿಡತೈತಿ. ಮತ್ತ ಬರತೈತೋ ಇಲ್ಲೋ ಅಂತ ನಾ ಎದ್ದು ಕುಂತಿರ್ತೀನಿ. ದೇವಿ ನನ್ನ ನಿನಗ ಕೊಟ್ಟಳು. ನೀ ಹೋದರ, ನಿನ್ನ ನನಗ ಯಾರು ಕೊಡ್ತಾರಪ್ಪಾ?’

ಹುಡುಗಿ ಅತ್ತುಬಿಟ್ಟಳು. ಡೋಲಿಯವರು ಮುಖ ತಿರುಗಿಸಿ ನಿಂತರು.

ಇಲ್ಲಿಗೆ ಬಂದಾಗ ಅಜ್ಜಾರ ಧ್ವನಿ ಸಣ್ಣದಾಯಿತು. ಬಾಳಪ್ಪಾ, ಈ ಮಾತು ನೆನೆದಾಗಲೆಲ್ಲ ನನ್ನ ಮೈ ಜುಂ ಎನ್ನುತ್ತದೆ, ಎಂದರು.

ವ್ಯಾಪಾರಿ ಆ ಚೀಲವನ್ನು ನೋಡಿದ. ಮುಟ್ಟಿ ನೋಡಿದ. ಇನ್ನೊಮ್ಮೆ ಎತ್ತಲು ಹೋದ, ಆಗಲಿಲ್ಲ. ಎರಡು ಕೈಯಿಂದ ಒಂದು ಗಳಿಗೆ ಹಿಡಿಯಲಾಗದ್ದನ್ನು ಈ ಕಾಲುಗಳು ಇಷ್ಟು ವರ್ಷ ಹೊತ್ತವೇ? ಅಂಗಡಿಗೆ ಹೊತ್ತವು, ಮನೆಗೆ ಹೊತ್ತವು, ಹಬ್ಬದ ಪಂಕ್ತಿಗೆ ಹೊತ್ತವು. ನಿದ್ದೆಯಲ್ಲಿ ಎದೆ ಹೊತ್ತಿತು. ಇಳಿಸುತ್ತೇನೆ ಎಂದು ಈ ಮೈ ಒಂದು ಸಲವೂ ಹೇಳಲಿಲ್ಲ. ಅಬ್ಬಾ, ಎಂಥ ಆಳು! ಇಂಥ ಆಳನ್ನು ಒಳಗಿಟ್ಟುಕೊಂಡು ಅವನು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಅವನಿಗೆ ಭಯವಾಯಿತು. ಭಯದ ಹಿಂದೆಯೇ ಭಕ್ತಿ ಬಂತು. ನಾನೂರು ಮೆಟ್ಟಿಲ ಮೇಲಿನ ದೇವಿಗೆ ಮುಗಿಯಬೇಕಿದ್ದ ಕೈಯಲ್ಲಿ ತನ್ನ ಎರಡೂ ಮೊಣಕಾಲು ಮುಟ್ಟಿ, ಕಣ್ಣಿಗೊತ್ತಿಕೊಂಡ.

ಡೋಲಿ ಹಿಂದಕ್ಕೆ ಹೋಯಿತು. ಆ ವರ್ಷ ಅವನು ಐದು ಮೆಟ್ಟಿಲು ಹತ್ತಿ, ಅಲ್ಲಿಂದಲೇ ಕೈ ಮುಗಿದು ಬಂದ.

ಮರುದಿನದಿಂದ ಬುತ್ತಿ ಕಟ್ಟಿಸಿಕೊಂಡು ಹಳೆಯ ಹೊಲಕ್ಕೆ ನಡೆದ. ಕಳೆ ಕಿತ್ತು, ನೀರು ಹಾಯಿಸಿ, ಮೈ ಬೆವರಿದ ಮೇಲೆ ಗಂಟು ಬಿಚ್ಚಿದ. ಅಂಗಡಿಯಲ್ಲಿ ಕೂತ ದಿನ ಎರಡೇ ರೊಟ್ಟಿ. ಬಂದವರ ಜೊತೆ ಕೂರುವುದನ್ನು ಬಿಡಲಿಲ್ಲ. ಒಂದೇ ರೊಟ್ಟಿಯನ್ನು ಚೂರು ಚೂರು ಮುರಿಯುತ್ತ, ಅವರು ಕೈ ತೊಳೆಯುವ ತನಕ ಎಳೆದ. ಜಾಣನೇ ಸರಿ! ಬೆಲ್ಲದ ರುಚಿ ಹೇಳುವ ಕೆಲಸ ಗಿರಾಕಿಗಳ ನಾಲಗೆಗೇ ಬಿಟ್ಟ.

ಮುಂದಿನ ವರ್ಷ ಐವತ್ತು ಮೆಟ್ಟಿಲು ಹತ್ತಿದ. ಅದರಾಚೆ ವರ್ಷ ಅರ್ಧ ಗುಡ್ಡ. ನಾಲ್ಕನೆಯ ವರ್ಷ ನಿಂಬೆವ್ವನ ಮುಂದೆ ಮುಂದೆ ನಡೆದು ಗುಡಿ ಮುಟ್ಟಿದ. ತಕ್ಕಡಿಯಲ್ಲಿ ಹದಿಮೂರು ಪೆಂಟೆ. ದೇವಿಯ ಬೆಲ್ಲ ಕಡಿಮೆಯಾಯಿತಲ್ಲ ಎಂದು ಪೂಜಾರಿ ಗೊಣಗಿದ. ನಿಂಬೆವ್ವ ಅಪ್ಪನ ಎದೆಗೆ ಕಿವಿ ಇಟ್ಟು ಕೇಳಿ, ಅಲ್ಲೇ ನಕ್ಕಳು.

ಅಜ್ಜಾರು ಕತೆ ನಿಲ್ಲಿಸಿದರು. ಬಾಳಪ್ಪನ ಏದುಸಿರು ಅಷ್ಟರಲ್ಲಿ ಇಳಿದಿತ್ತು. ಅವನು ಮೆಲ್ಲಗೆ ಕೇಳಿದ.

“ಹಂಗಾದ್ರ ನಾ ಎಷ್ಟು ರೊಟ್ಟಿ ತಿನ್ನಬೇಕ್ರೀ ಅಜ್ಜಾರ?”

“ಅಪ್ಪನ ಆರು ರೊಟ್ಟಿ ನೆಪ್ಪಿಟ್ಟೀಯಲ್ಲ, ಅವನ ನೇಗಿಲ ಎಲ್ಲಿ ಬಿಟ್ಟು ಬಂದಿ?”

ಬಾಳಪ್ಪನ ಎರಡೂ ಕೈ ಅಷ್ಟರಲ್ಲೇ ತಾವಾಗಿ ಮೊಣಕಾಲ ಮೇಲೆ ಹೋಗಿದ್ದವು.